ಅಂಟು ಮತ್ತು ದಾಟು

ಗಾಯ ಕೀವು ಕಟ್ಟಿದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಮಗುವಿನ ಮೊಣಕಾಲಿಗಾಗಲಿ, ಎತ್ತಿನ ಹೆಗಲಿಗಾಗಲಿ, ಕೀವು ಎಂದರೆ ಒಳಗೇನೋ ಕೊಳೆಯುತ್ತಿದೆ ಎಂದೇ ನಮ್ಮ ಲೆಕ್ಕ. ಆದರೆ ಕೀವು ಬರಲೇಬೇಕಾದ ಗಾಯದಲ್ಲಿ ಕೀವೇ ಬಾರದಿದ್ದರೆ? ಒಂದು ಕರುವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂರು ನಾಲ್ಕು ತಿಂಗಳ ಕರು, ಓರಗೆಯ ಕರುಗಳ ಜೊತೆ ನಿಲ್ಲಿಸಿದರೆ ತೀರಾ ಬಡಕಲು. ಬಾಯಿ ತೆರೆದು ನೋಡಿದರೆ ಒಸಡೆಲ್ಲ ಹುಣ್ಣು, ಹಲ್ಲು ಅಲ್ಲಾಡುತ್ತವೆ. ಉಣ್ಣಿ ಕಡಿದ ಜಾಗ, ಹಗ್ಗ ಉಜ್ಜಿದ ಜಾಗ ಮಾಯದೆ ಹಸಿಹಸಿಯಾಗಿಯೇ ಉಳಿದಿವೆ. ಒತ್ತಿದರೆ ರಕ್ತ ಜಿನುಗುತ್ತದೆ, ಕೀವು ಬರುವುದಿಲ್ಲ. ಭೇದಿ ನಿಂತಿತು ಎನ್ನುವಷ್ಟರಲ್ಲಿ ಕೆಮ್ಮು, ಕೆಮ್ಮು ಇಳಿಯಿತು ಎನ್ನುವಷ್ಟರಲ್ಲಿ ಜ್ವರ. ಈ ಕರುವಿನ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ಬೇರೆಯದೇ ಚಿತ್ರ. ಆರೋಗ್ಯವಂತ ದನದ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 12,000 ಬಿಳಿ ರಕ್ತಕಣ ಇರುತ್ತವೆ. ಇಲ್ಲಿ 40,000 ದಾಟಿದೆ. ಇದಕ್ಕಿಂತ ಎಷ್ಟೋ ಹೆಚ್ಚೂ ಇರಬಹುದು. ಅದರಲ್ಲೂ ಬ್ಯಾಕ್ಟೀರಿಯಾ ನುಂಗಿ ಕೊಲ್ಲುವ ನ್ಯೂಟ್ರೋಫಿಲ್‌ಗಳೇ ಕಿಕ್ಕಿರಿದಿವೆ. ಕಾಯುವವರು ಇಷ್ಟೊಂದು ಜನ ಇದ್ದೂ ಕರು ಸೋಂಕಿನಿಂದಲೇ ಸಾಮಾನ್ಯವಾಗಿ ವರ್ಷದೊಳಗೆ ಸಾಯುತ್ತದೆ.

ಈ ರೋಗಕ್ಕೆ ಪಶುವೈದ್ಯಶಾಸ್ತ್ರದಲ್ಲಿ ಬ್ಲ್ಯಾಡ್ ಎಂದು ಹೆಸರು: ದನಗಳ ಬಿಳಿ ರಕ್ತಕಣಗಳಿಗೆ ಅಂಟುವ ಶಕ್ತಿ ಇಲ್ಲದಿರುವ, ಹುಟ್ಟಿನಿಂದಲೇ ಬರುವ ಕೊರತೆ. ಇವತ್ತಿನ ನನ್ನ ವಾದವೆಲ್ಲ ಈ ಕರುವಿನ ಸುತ್ತ ನಿಂತಿದೆ. ರೋಗನಿರೋಧಕ ಶಕ್ತಿ ಎಂಬ ಮಾತನ್ನು ಕೋವಿಡ್ ಬಂದ ಮೇಲೆ ನಾವು ದಿನಕ್ಕೆ ಹತ್ತು ಸಲ ಕೇಳಿದ್ದೇವೆ. ಅದನ್ನು ಹೆಚ್ಚಿಸುವ ಪುಡಿ, ಕಷಾಯ, ಮಾತ್ರೆ ಎಲ್ಲ ಮಾರಾಟಕ್ಕಿವೆ. ಹೆಚ್ಚು ಇದ್ದಷ್ಟೂ ಒಳ್ಳೆಯದು ಎಂಬ ಎಣಿಕೆಯ ಕಲ್ಪನೆ ಆ ಮಾತಿನಲ್ಲಿ ಅಡಗಿದೆ. ನಾನು ಹೇಳಬೇಕೆಂದಿರುವುದು ಇದು: ದೇಹವನ್ನು ಕಾಯುವುದು ಕಣಗಳ ಎಣಿಕೆಗಿಂತ ಹೆಚ್ಚಾಗಿ ಅವುಗಳ ತಲುಪುವಿಕೆ. ರಕ್ತದಲ್ಲಿ ಹರಿಯುವ ಕಣ ಸರಿಯಾದ ಜಾಗದಲ್ಲಿ, ಸರಿಯಾದ ಗಳಿಗೆಯಲ್ಲಿ ನಾಳದ ಗೋಡೆಗೆ ಅಂಟಬೇಕು, ಅಂಟಿ ಆಚೆ ದಾಟಬೇಕು. ಯಾವಾಗ ಅಂಟಬೇಕು, ಯಾವಾಗ ಬಿಡಬೇಕು ಎಂಬುದನ್ನು ಕಣದ ಮೈಮೇಲೂ ಗೋಡೆಯ ಮೈಮೇಲೂ ಇರುವ ಕೆಲವು ಪ್ರೋಟೀನ್‌ಗಳು ಆಳುತ್ತವೆ. ಕನ್ನಡದಲ್ಲಿ ಅಂಟುರೋಗ ಎಂಬ ಪದವಿದೆ. ಅಂಟು ಎಂದರೆ ರೋಗದ ಕಡೆಯದು ಎಂದು ನಮ್ಮ ಭಾಷೆ ತೀರ್ಮಾನಿಸಿಬಿಟ್ಟಂತಿದೆ. ಆ ರೋಗವನ್ನು ತಡೆಯುವ ಕೆಲಸವೂ ಅಂಟಿನಿಂದಲೇ ಶುರುವಾಗುತ್ತದೆ.

ಈ ವಿಷಯವನ್ನು ಬೀದರಿನಲ್ಲಿ ಮಾತಾಡಲು ಕಾರಣವಿದೆ. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಇರುವುದು ಇದೇ ಊರಿನ ನಂದಿನಗರದಲ್ಲಿ. ಭಾಲ್ಕಿ, ಔರಾದ ತಾಲ್ಲೂಕುಗಳ ಹೊಲಗಳಲ್ಲಿ ಇವತ್ತಿಗೂ ಕಾಣುವ ದೇವಣಿ ದನ ನಮ್ಮ ಗಡಿಯ ತಳಿ. ಅದಕ್ಕೆ ಹೆಸರು ಕೊಟ್ಟ ದೇವಣಿ ಊರು ಈಗ ಲಾತೂರ ಜಿಲ್ಲೆಯಲ್ಲಿದೆ. 1956ರ ರಾಜ್ಯ ಪುನರ್‌ವಿಂಗಡಣೆಯ ತನಕ ಆ ಊರು ಇರುವ ಉದಗೀರದ ಸೀಮೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೇ ಸೇರಿತ್ತು. ಅದೇ ಕೊಟ್ಟಿಗೆಗಳಲ್ಲಿ ದೇವಣಿಯ ಪಕ್ಕದಲ್ಲಿ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಆಕಳೂ ನಿಂತಿದೆ. ಬ್ಲ್ಯಾಡ್ ಎಂಬ ದೋಷ ಬಂದದ್ದು ಆ ಎಚ್.ಎಫ್. ರಕ್ತದ ಜೊತೆ. ಹೀಗಾಗಿ ಕೋಶಜೀವಶಾಸ್ತ್ರದ ಈ ಪಾಠ ನಮಗೆ ಕೊಟ್ಟಿಗೆಯ ಪಾಠವೂ ಹೌದು.

ಮೊದಲು ದಾಟುವುದು ಹೇಗೆ ಎಂದು ನೋಡೋಣ. ಬರ್ಲಿನ್ನಿನಲ್ಲಿ ಯೂಲಿಯಸ್ ಕೋನ್‌ಹೈಮ್ 1867ರಲ್ಲಿ ಕಪ್ಪೆಯ ಕರುಳಿನ ತೆಳು ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಉರಿಯೂತ ಶುರುವಾದಾಗ ಅದರ ಕಿರುನಾಳಗಳಲ್ಲಿ ಏನಾಗುತ್ತದೆಂದು ಗಂಟೆಗಟ್ಟಲೆ ನೋಡಿದ. ನಡುನೀರಿನಲ್ಲಿ ಕೆಂಪುಕಣಗಳು ರಭಸದಿಂದ ಹೋಗುತ್ತಿದ್ದರೆ ಬಿಳಿಕಣಗಳು ದಡಕ್ಕೆ ಸರಿದು, ಗೋಡೆಯ ಮೇಲೆ ನಿಧಾನಕ್ಕೆ ಉರುಳಿ, ನಿಂತು, ಆಮೇಲೆ ಗೋಡೆಯೊಳಗಿಂದ ಹಿಂಡಿಕೊಂಡು ಹೊರಗೆ ಬರುತ್ತಿದ್ದವು. ಕೀವಿನ ಕಣಗಳು ಗಾಯದಲ್ಲೇ ಹುಟ್ಟಿದವಲ್ಲ, ರಕ್ತದಿಂದ ಬಂದವು ಎಂದು ಅವನು ತೋರಿಸಿಕೊಟ್ಟ. ಏಕೆ ಉರುಳುತ್ತವೆ, ಏಕೆ ನಿಲ್ಲುತ್ತವೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 1980ರ ದಶಕದಲ್ಲಿ ಅಂಟುವ ಪ್ರೋಟೀನ್‌ಗಳು ಒಂದೊಂದಾಗಿ ಕೈಗೆ ಸಿಕ್ಕ ಮೇಲೆ, 1990ರ ದಶಕದ ಶುರುವಿನಲ್ಲಿ ಯೂಜೀನ್ ಬುಚರ್, ತಿಮೊತಿ ಸ್ಪ್ರಿಂಗರ್ ಮುಂತಾದವರು ಈ ಘಟನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿಟ್ಟರು.

ಮಾಂಜರಾ ಹೊಳೆಗೆ ಮಹಾಪೂರ ಬಂದಾಗ ಸೆಳವಿಗೆ ಸಿಕ್ಕವನೊಬ್ಬನನ್ನು ನೆನೆಸಿಕೊಳ್ಳಿ. ಅವನು ಒಮ್ಮೆಗೇ ದಡ ಹತ್ತಲಾರ. ದಡದ ಹುಲ್ಲು ಕೈಗೆ ಸಿಗುತ್ತದೆ, ಕಿತ್ತುಬರುತ್ತದೆ, ಮುಂದಿನ ಹುಲ್ಲು ಸಿಗುತ್ತದೆ, ಅದೂ ಕಿತ್ತುಬರುತ್ತದೆ. ಆದರೆ ಪ್ರತಿ ಹಿಡಿತಕ್ಕೂ ಅವನ ವೇಗ ತಗ್ಗುತ್ತದೆ. ಹಾಗೆ ತಗ್ಗಿದಾಗ ಮಾತ್ರ ಒಂದು ಗಟ್ಟಿ ಬೇರು ಕಣ್ಣಿಗೆ ಬಿದ್ದರೆ ಎರಡೂ ಕೈಯಿಂದ ಹಿಡಿದು ನಿಲ್ಲಬಲ್ಲ. ಬಿಳಿ ರಕ್ತಕಣದ ಪಾಡೂ ಇದೇ. ಅಂಗಾಂಶದಲ್ಲಿ ಗಾಯವಾದ ಕೆಲವೇ ನಿಮಿಷಗಳಲ್ಲಿ ಹತ್ತಿರದ ಕಿರುನಾಳದ ಒಳಪದರದ ಕೋಶಗಳು ತಮ್ಮ ಹೊಟ್ಟೆಯಲ್ಲಿ ಮೊದಲೇ ಕೂಡಿಟ್ಟಿದ್ದ ಪಿ-ಸೆಲೆಕ್ಟಿನ್ ಎಂಬ ಪ್ರೋಟೀನನ್ನು ಮೇಲ್ಮೈಗೆ ತರುತ್ತವೆ. ಕೆಲವು ಗಂಟೆಗಳಲ್ಲಿ ಇ-ಸೆಲೆಕ್ಟಿನ್ ಎಂಬುದನ್ನು ಹೊಸದಾಗಿ ತಯಾರಿಸಿ ಸೇರಿಸುತ್ತವೆ. ಇವೇ ದಡದ ಹುಲ್ಲು. ಕಣದ ಮೈಮೇಲಿರುವ ಒಂದು ಬಗೆಯ ಸಕ್ಕರೆಯ ಕುಚ್ಚನ್ನು ಇವು ಹಿಡಿಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಈ ಹಿಡಿತದ ಒಂದು ಗುಣ ಇನ್ನೂ ಬೆರಗು ಹುಟ್ಟಿಸುವಂಥದು: ಎಳೆತ ಸ್ವಲ್ಪ ಹೆಚ್ಚಾದರೆ ಹಿಡಿತ ಬಿಡುವ ಬದಲು ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ, ಒಂದು ಮಿತಿ ದಾಟಿದ ಮೇಲಷ್ಟೇ ಕಳಚುತ್ತದೆ. ಪಿ-ಸೆಲೆಕ್ಟಿನ್‌ನಲ್ಲಿ ಇದನ್ನು 2003ರಲ್ಲಿ ಒಂದೊಂದು ಅಣುವನ್ನೇ ಎಳೆದು ಅಳೆದು ತೋರಿಸಿದರು. ಹರಿಯುವ ನೀರಿನಲ್ಲೇ ಕೆಲಸ ಮಾಡಲು ಹೊಂದಿಸಿದ ಕೊಕ್ಕೆ ಇದು.

ಹೀಗೆ ಉರುಳುತ್ತಿರುವ ಕಣಕ್ಕೆ ಗೋಡೆಯ ಮೇಲೆ ಕೀಮೋಕೈನ್ ಎಂಬ ರಾಸಾಯನಿಕ ಸುಳಿವು ತಾಗುತ್ತದೆ: ಸೋಂಕು ಇಲ್ಲೇ ಇದೆ ಎಂಬ ಸುದ್ದಿ. ಸುದ್ದಿ ಕಣದ ಒಳಗೆ ಹೋಗಿ ಮುಟ್ಟಿದ ಕೂಡಲೇ ಅದರ ಮೈಮೇಲೆ ಮಡಚಿಕೊಂಡು ಕೂತಿದ್ದ ಇಂಟಿಗ್ರಿನ್ ಎಂಬ ಪ್ರೋಟೀನ್ ಬಿಚ್ಚಿಕೊಂಡು ಎದ್ದು ನಿಲ್ಲುತ್ತದೆ. ಮಡಚಿದ ಸ್ಥಿತಿಯಲ್ಲಿ ಅದಕ್ಕೆ ಹಿಡಿಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಬಿಚ್ಚಿಕೊಂಡಾಗ ಅದೇ ಪ್ರೋಟೀನಿನ ಹಿಡಿತ ಸಾವಿರಾರು ಪಟ್ಟು ಗಟ್ಟಿ. ಗೋಡೆಯ ಮೇಲಿನ ಐಕ್ಯಾಮ್-1 ಎಂಬ ಪ್ರೋಟೀನನ್ನು ಅದು ಕಚ್ಚಿ ಹಿಡಿಯುತ್ತದೆ, ಕಣ ನಿಲ್ಲುತ್ತದೆ, ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ಸಂದು ಹುಡುಕಿ ನುಸುಳುತ್ತದೆ. ಇಂಟಿಗ್ರಿನ್ ಯಾವಾಗಲೂ ಎರಡು ಎಳೆಗಳ ಜೋಡಿ. ನ್ಯೂಟ್ರೋಫಿಲ್‌ಗಳಲ್ಲಿ ಈ ಕೆಲಸಕ್ಕೆ ನಿಂತ ಮುಖ್ಯ ಜೋಡಿಗಳಿಗೆಲ್ಲ ಒಂದು ಎಳೆ ಸಮಾನ: ಅದರ ಹೆಸರು ಸಿಡಿ18. ಕರುವಿನ ರೋಗದ ಗುಟ್ಟು ಇಲ್ಲಿದೆ.

ಅಮೆರಿಕದಲ್ಲಿ ಮಾರ್ಕಸ್ ಕೆರ್ಲಿ ಮತ್ತು ಡೇಲ್ ಶುಸ್ಟರ್ ಅವರ ತಂಡ 1992ರಲ್ಲಿ ಸಾಯುತ್ತಿದ್ದ ಹೋಲ್‌ಸ್ಟೀನ್ ಕರುಗಳ ಸಿಡಿ18 ಜೀನನ್ನು ಓದಿ ನೋಡಿತು. ಸುಮಾರು 770 ಅಮೈನೋ ಆಮ್ಲಗಳ ಈ ಪ್ರೋಟೀನಿನಲ್ಲಿ 128ನೆಯ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಇರಬೇಕಾದಲ್ಲಿ ಗ್ಲೈಸಿನ್ ಇತ್ತು. ಜೀನಿನ ಭಾಷೆಯಲ್ಲಿ ಹೇಳುವುದಾದರೆ ಒಂದೇ ಒಂದು ಅಕ್ಷರ ತಪ್ಪು. ಆ ಒಂದು ತಪ್ಪಿನಿಂದ ಸಿಡಿ18 ತನ್ನ ಜೋಡಿಯೊಡನೆ ಸರಿಯಾಗಿ ಕೂಡಿಕೊಳ್ಳದೆ ಕಣದ ಮೇಲ್ಮೈಗೇ ಬರುವುದಿಲ್ಲ. ಹುಲ್ಲು ಸಿಗುತ್ತದೆ, ಬೇರು ಹಿಡಿಯುವ ಕೈಯಿಲ್ಲ. ಗಾಯದ ಕಡೆಯಿಂದ ಕೂಗು ಬರುತ್ತಲೇ ಇರುತ್ತದೆ, ಮೂಳೆಮಜ್ಜೆ ಕಣಗಳನ್ನು ಕಳಿಸುತ್ತಲೇ ಇರುತ್ತದೆ, ಕಣಗಳು ಇಳಿಯಲಾರದೆ ರಕ್ತದಲ್ಲೇ ಸುತ್ತುತ್ತಿರುತ್ತವೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ದೊಡ್ಡ ಅಂಕಿ ಶಕ್ತಿಯ ಗುರುತಲ್ಲ, ಬಾಗಿಲು ಸಿಗದೆ ಒಳಗೇ ಉಳಿದವರ ಲೆಕ್ಕ.

ಇದೇ ರೋಗ ಮನುಷ್ಯರಲ್ಲೂ ಇದೆ, ಅದೇ ಸಿಡಿ18ರ ಬೇರೆ ಬೇರೆ ತಪ್ಪುಗಳಿಂದ. ಮೊದಲ ಬಗೆಯ ಲ್ಯಾಡ್ ಎಂದು ಕರೆಯುವ ಈ ಕಾಯಿಲೆಯ ಮಗುವಿನಲ್ಲಿ ಹಲವೊಮ್ಮೆ ಮೊದಲ ಸುಳಿವು ಹೊಕ್ಕುಳ ಬಳ್ಳಿ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಒಣಗಿ ಬೀಳುವ ಬಳ್ಳಿ ಮೂರು ವಾರ ಕಳೆದರೂ ಬಿದ್ದಿರುವುದಿಲ್ಲ, ಬುಡ ಕೆಂಪಾಗಿ ಸೋಂಕು ಹಿಡಿದಿರುತ್ತದೆ. ಬಳ್ಳಿ ಕಳಚುವ ಕೆಲಸಕ್ಕೂ ನ್ಯೂಟ್ರೋಫಿಲ್‌ಗಳು ಅಲ್ಲಿಗೆ ಬರಬೇಕು. ಬಳ್ಳಿ ತಡವಾಗಿ ಬಿದ್ದ ಮಕ್ಕಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ಅಷ್ಟಕ್ಕೇ ಯಾರೂ ಹೆದರಬೇಕಾಗಿಲ್ಲ. ಆದರೆ ತಡವಾದ ಬಳ್ಳಿ, ಕೀವಿಲ್ಲದ ಹುಣ್ಣು, ಏರಿದ ಬಿಳಿಕಣ ಮೂರೂ ಒಂದೇ ಮಗುವಿನಲ್ಲಿ ಕಂಡರೆ ಪರೀಕ್ಷೆ ತಡ ಮಾಡಬಾರದು. ಸೋದರಮಾವ, ಸೋದರತ್ತೆಯ ಮಕ್ಕಳ ನಡುವೆ ಮದುವೆಯ ರೂಢಿ ಇರುವ ನಮ್ಮ ಭಾಗಕ್ಕೆ ಈ ಮಾತನ್ನು ಒತ್ತಿ ಹೇಳಬೇಕು. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ದೋಷದ ಪ್ರತಿ ಇದ್ದಾಗ ಮಾತ್ರ ಹುಟ್ಟುವ ರೋಗ ಇದು. ಒಂದೇ ಅಜ್ಜನ ಜೀನ್ ಎರಡು ಕಡೆಯಿಂದ ಬಂದು ಕೂಡುವ ಸಂಭವ ಹತ್ತಿರದ ನಂಟಿನಲ್ಲಿ ಹೆಚ್ಚು.

ಇನ್ನೊಂದು, ಇದಕ್ಕಿಂತ ಅಪರೂಪದ ಕಾಯಿಲೆಯಿದೆ, ನನ್ನ ವಾದಕ್ಕೆ ಅದರ ಸಾಕ್ಷ್ಯ ತುಂಬ ಬೆಲೆಯುಳ್ಳದ್ದು. 1952ರಲ್ಲಿ ಮುಂಬಯಿಯ ವೈ.ಎಂ. ಭೇಂಡೆ ಮತ್ತು ಜೊತೆಗಾರರು ಎ, ಬಿ, ಒ ಯಾವುದಕ್ಕೂ ಹೊಂದದ ರಕ್ತಗುಂಪೊಂದನ್ನು ವರದಿ ಮಾಡಿದರು. ಅದೇ ಬಾಂಬೆ ರಕ್ತಗುಂಪು. ಕೆಂಪುಕಣದ ಮೇಲೆ ಇರಬೇಕಾದ ಫ್ಯೂಕೋಸ್ ಎಂಬ ಸಕ್ಕರೆ ಈ ಗುಂಪಿನವರಲ್ಲಿ ಕೂಡಿರುವುದಿಲ್ಲ. ಹೊಂದುವ ರಕ್ತ ಸಿಗುವುದು ಕಷ್ಟ ಎನ್ನುವುದು ಬಿಟ್ಟರೆ ಅವರು ಆರೋಗ್ಯವಂತರು. 1992ರಲ್ಲಿ ಇಸ್ರೇಲಿನಲ್ಲಿ ಅಮೋಸ್ ಎಟ್ಜಿಯೋನಿ ಇಬ್ಬರು ಮಕ್ಕಳನ್ನು ಕಂಡರು: ಮೇಲಿಂದ ಮೇಲೆ ಸೋಂಕು, ಕೀವಿಲ್ಲ, ಬಿಳಿಕಣ ಬಹಳ, ಜೊತೆಗೆ ಬುದ್ಧಿ ಬೆಳವಣಿಗೆಯ ಕೊರತೆ, ರಕ್ತಗುಂಪು ನೋಡಿದರೆ ಬಾಂಬೆ. ಇವರಲ್ಲಿ ಸಿಡಿ18 ಸರಿಯಾಗಿಯೇ ಇತ್ತು. ಫ್ಯೂಕೋಸನ್ನು ಕೋಶದೊಳಗಿನ ಕಾರ್ಖಾನೆಗೆ ಸಾಗಿಸುವ ಪ್ರೋಟೀನೇ ಕೆಟ್ಟಿದ್ದರಿಂದ ಆ ಸಕ್ಕರೆ ಎಲ್ಲೂ ಕೂಡುತ್ತಿರಲಿಲ್ಲ: ಕೆಂಪುಕಣದ ಮೇಲೂ ಇಲ್ಲ, ಸೆಲೆಕ್ಟಿನ್ ಹಿಡಿಯಬೇಕಾದ ಬಿಳಿಕಣದ ಕುಚ್ಚಿನಲ್ಲೂ ಇಲ್ಲ. ಮುಂದಿನ ವರ್ಷವೇ ಉಲ್ರಿಖ್ ಫಾನ್ ಆಂಡ್ರಿಯನ್ ಮತ್ತಿತರರು ಈ ಎರಡೂ ಬಗೆಯ ರೋಗಿಗಳ ನ್ಯೂಟ್ರೋಫಿಲ್‌ಗಳಿಗೆ ಹೊಳೆಯುವ ಬಣ್ಣ ಕೊಟ್ಟು ಮೊಲದ ಕಿರುನಾಳಗಳಲ್ಲಿ ಹರಿಯಬಿಟ್ಟರು. ಮೊದಲ ಬಗೆಯವರ ಕಣಗಳು ಚೆನ್ನಾಗಿ ಉರುಳಿದವು, ನಿಲ್ಲಲಿಲ್ಲ. ಎರಡನೆಯ ಬಗೆಯವರ ಕಣಗಳಿಗೆ ಉರುಳುವುದೇ ಆಗಲಿಲ್ಲ. ಹರಿವು ನಿಲ್ಲಿಸಿ ನೋಡಿದರೆ ಅಂಟಿ ದಾಟಬಲ್ಲವಾಗಿದ್ದವು. ಹುಲ್ಲು ಬೇರೆ, ಬೇರು ಬೇರೆ, ಎರಡರಲ್ಲಿ ಒಂದು ತಪ್ಪಿದರೂ ದಡ ಸಿಗದು ಎಂಬುದಕ್ಕೆ ಇದಕ್ಕಿಂತ ನೇರವಾದ ರುಜುವಾತು ನನಗೆ ಗೊತ್ತಿಲ್ಲ.

ಇಷ್ಟು ಕೇಳಿದ ಮೇಲೆ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಅಪರೂಪದ ರೋಗದ ಕತೆ ಹಿಡಿದುಕೊಂಡು ಎಲ್ಲ ಜೀವಿಗಳಿಗೂ ಅನ್ವಯಿಸುವ ನಿಯಮ ಹೇಳಬಹುದೇ? ಆರೋಗ್ಯವಂತ ಪ್ರಾಣಿಯಲ್ಲಿ ಅಂಟು ನಿಜವಾಗಿಯೂ ನಿರ್ಧಾರಕವೇ? ಇದಕ್ಕೆ ಉತ್ತರ ಹಾಲು ಕರೆಯುವ ಪ್ರತಿ ಮನೆಯಲ್ಲಿದೆ. ಆಕಳು ಈದ ಹೊಸತರಲ್ಲಿ ಕೆಚ್ಚಲು ಬಾವು ಬರುವುದು ಹೆಚ್ಚು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಚ್ಚಲಿಗೆ ಬ್ಯಾಕ್ಟೀರಿಯಾ ಹೊಕ್ಕಾಗ ರಕ್ತದಿಂದ ನ್ಯೂಟ್ರೋಫಿಲ್‌ಗಳು ಹಾಲಿನೊಳಕ್ಕೇ ದಾಟಿ ಬರುತ್ತವೆ. ಪಶುವೈದ್ಯರು ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲು ಹಿಂಡಿ, ದ್ರಾವಣ ಬೆರೆಸಿ ತಿರುಗಿಸಿದಾಗ ಒಂದು ಬಟ್ಟಲಿನ ಹಾಲು ಲೋಳೆಯಾಗುತ್ತದಲ್ಲ, ಆ ಲೋಳೆಯಲ್ಲಿ ಬಹುಪಾಲು ಹೀಗೆ ದಾಟಿ ಬಂದ ಕಣಗಳ ಡಿ.ಎನ್.ಎ. ಈಯುವ ಹೊತ್ತಿಗೆ ಆಕಳ ಮೈಯಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರುತ್ತದೆ. ಕಾರ್ಟಿಸೋಲ್ ಅಥವಾ ಅದರ ಸೋದರಿಯಂಥ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಕೊಟ್ಟ ದನಗಳ ನ್ಯೂಟ್ರೋಫಿಲ್‌ಗಳ ಮೇಲೆ ಎಲ್-ಸೆಲೆಕ್ಟಿನ್ ಮತ್ತು ಸಿಡಿ18 ತಗ್ಗುತ್ತವೆ ಎಂದು 1995ರಲ್ಲಿ ಜೀನ್ ಬರ್ಟನ್ ಮತ್ತು ಕೆರ್ಲಿ ಅವರ ಅಧ್ಯಯನ ತೋರಿಸಿತು. ಎಲ್-ಸೆಲೆಕ್ಟಿನ್ ಬಿಳಿಕಣದ ಮೈಮೇಲೇ ಇರುವ ಕೊಕ್ಕೆ. ಅದು ಹೋದರೆ ನಾಳದ ಅಂಚಿನಲ್ಲಿ ಉರುಳುತ್ತಿದ್ದ ಕಣಗಳು ಕಳಚಿಕೊಂಡು ನಡುಹರಿವಿಗೆ ಬರುತ್ತವೆ. ಆಗ ರಕ್ತ ತೆಗೆದು ಎಣಿಸಿದರೆ ಬಿಳಿಕಣ ಹೆಚ್ಚಾಗಿ ಕಾಣುತ್ತದೆ, ಕೆಚ್ಚಲು ಮಾತ್ರ ಕಾವಲಿಲ್ಲದೆ ಉಳಿಯುತ್ತದೆ. ಸ್ಟೀರಾಯ್ಡ್ ಪಡೆಯುತ್ತಿರುವ ಮನುಷ್ಯರ ರಕ್ತಪರೀಕ್ಷೆಯಲ್ಲೂ ಬಿಳಿಕಣ ಏರುವುದಕ್ಕೆ ಇದು ಒಂದು ಮುಖ್ಯ ಕಾರಣ. ಅದೇ ಹೊತ್ತಿಗೆ ಅವರಿಗೆ ಸೋಂಕು ತಗಲುವ ಸಂಭವವೂ ಏರಿರುತ್ತದೆ. ಎಣಿಕೆ ಮೇಲೆ ಹೋಗುತ್ತದೆ, ಕಾವಲು ಕೆಳಗೆ ಬರುತ್ತದೆ, ಎರಡೂ ಒಂದೇ ಕಾರಣದಿಂದ. ರೋಗದ ಕರುವಿನಲ್ಲಿ ಕಂಡದ್ದೇ ಇಲ್ಲಿ ಆರೋಗ್ಯವಂತ ಆಕಳಲ್ಲಿ, ಕೆಲವು ದಿನಗಳ ಮಟ್ಟಿಗೆ, ಮೆಲ್ಲಗೆ ಕಾಣುತ್ತಿದೆ. ಮೈಯುರಿ ಇಳಿಯಲಿ ಎಂದು ಡೆಕ್ಸಾಮೆಥಾಸೋನ್ ಸೂಜಿಯನ್ನು ಕೇಳಿ ಕೇಳಿ ಹಾಕಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ದನಗಳಿಗೂ ಇದೆ, ಜನರಿಗೂ ಇದೆ. ಜ್ವರ ಇಳಿದ ಹಾಗೆ ಕಾಣುವ ಆ ಎರಡು ದಿನಗಳಲ್ಲಿ ಒಳಗೆ ಏನು ಕಳಚುತ್ತಿದೆ ಎಂಬುದು ಗೊತ್ತಿದ್ದರೆ ಕೈ ತುಸು ತಡೆಯುತ್ತದೆ.

ಎರಡನೆಯ ಆಕ್ಷೇಪ ಪ್ರಯೋಗಶಾಲೆಯಿಂದಲೇ ಬಂದದ್ದು, ಹೆಚ್ಚು ಕಠಿಣವಾದದ್ದು. 2008ರಲ್ಲಿ ಟಿಮ್ ಲೆಮರ್‌ಮನ್ ಮತ್ತು ಜೊತೆಗಾರರು ಇಂಟಿಗ್ರಿನ್‌ಗಳನ್ನೆಲ್ಲ ತೆಗೆದುಹಾಕಿದ ಇಲಿಯ ರಕ್ಷಣಾಕೋಶಗಳು ಅಂಗಾಂಶದ ಒಳಗೆ ಮಾಮೂಲಿನಂತೆ ನುಸುಳಿ ಹೋಗುವುದನ್ನು ತೋರಿಸಿದರು. ಅಂಟಿಲ್ಲದೆಯೂ ಚಲನೆ ಸಾಧ್ಯವಾದರೆ ಅಂಟೇ ಚಲನೆಯನ್ನು ಆಳುತ್ತದೆ ಎಂದು ಹೇಗೆ ಹೇಳುವುದು? ಇನ್ನೊಂದು ಸಂಗತಿಯನ್ನೂ ಇದಕ್ಕೆ ಸೇರಿಸಬೇಕು. ಬ್ಲ್ಯಾಡ್ ಕರುಗಳ ಶ್ವಾಸಕೋಶಕ್ಕೆ ನ್ಯುಮೋನಿಯಾ ತಗಲಿದಾಗ ಸಿಡಿ18 ಇಲ್ಲದ ನ್ಯೂಟ್ರೋಫಿಲ್‌ಗಳೂ ಗಾಳಿಗೂಡಿನೊಳಕ್ಕೆ ದಾಟಿ ಬಂದದ್ದನ್ನು ಪಶುರೋಗ ತಜ್ಞರೇ ಕಂಡಿದ್ದಾರೆ. ಈ ಎರಡು ಸಾಕ್ಷ್ಯಗಳನ್ನು ಪಕ್ಕಕ್ಕಿಟ್ಟು ಮಾತಾಡುವುದು ಸರಿಯಲ್ಲ. ಇವು ನನ್ನ ವಾದವನ್ನು ಕೆಡವುವುದಿಲ್ಲ, ಅದರ ಗಡಿಯನ್ನು ಗುರುತಿಸಿ ಕೊಡುತ್ತವೆ ಎಂಬುದು ನನ್ನ ತಿಳಿವಳಿಕೆ. ಅಂಗಾಂಶದೊಳಗೆ ಸೆಳವಿಲ್ಲ. ಅಲ್ಲಿ ಕೋಶ, ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಬೆನ್ನು ಒತ್ತಿ ಕಾಲು ಒತ್ತಿ ಸಾಗುವವನಂತೆ ತನ್ನ ಮೈಯನ್ನೇ ಉಬ್ಬಿಸಿ ಕುಗ್ಗಿಸಿ ಸಾಗಬಲ್ಲದು, ಏನನ್ನೂ ಹಿಡಿಯಬೇಕಿಲ್ಲ. ಶ್ವಾಸಕೋಶದ ಅತಿ ಸಣ್ಣ ನಾಳಗಳಲ್ಲಿ ಎಷ್ಟೋ ಕಡೆ ಹರವು ನ್ಯೂಟ್ರೋಫಿಲ್ಲಿನ ಗಾತ್ರಕ್ಕಿಂತ ಕಿರಿದು, ಕಣ ಅಲ್ಲಿ ತಾನಾಗಿಯೇ ಸಿಕ್ಕಿಕೊಂಡು ನಿಧಾನವಾಗುತ್ತದೆ. ಉರುಳುವ, ನಿಲ್ಲುವ ಕೆಲಸವನ್ನು ನಾಳದ ಇಕ್ಕಟ್ಟೇ ಮಾಡಿಕೊಡುತ್ತದೆ. ಅಂದರೆ ಅಂಟು ಬೇಕಾಗುವುದು ಸೆಳವು ಇರುವಲ್ಲಿ, ರಕ್ತದಿಂದ ಅಂಗಾಂಶಕ್ಕೆ ಇಳಿಯುವ ಆ ಬಾಗಿಲಲ್ಲಿ. ಬಾಗಿಲು ದಾಟಿದ ಮೇಲೆ ನಡಿಗೆಯ ನಿಯಮ ಬೇರೆ. ಚರ್ಮ, ಒಸಡು, ಕರುಳು, ಹೊಕ್ಕುಳ ಇವೇ ಬ್ಲ್ಯಾಡ್ ಮತ್ತು ಲ್ಯಾಡ್‌ನಲ್ಲಿ ಮೊದಲು ಸೋಲುವ ಜಾಗಗಳಾಗಿರುವುದು ಈ ವಿವರಣೆಗೆ ಹೊಂದುತ್ತದೆ.

ಹಾಗಾದರೆ ಅಂಟು ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ, ಎಣಿಕೆಯ ಭ್ರಮೆಯನ್ನು ಬಿಟ್ಟು ಅಂಟಿನ ಭ್ರಮೆಗೆ ಬೀಳಬಾರದು. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ರಕ್ಷಣಾಕೋಶಗಳು ಮೆದುಳಿನ ನಾಳಗಳ ಗೋಡೆ ದಾಟಿ ನರದ ಹೊದಿಕೆಯನ್ನೇ ತಿನ್ನುತ್ತವೆ. ಅವುಗಳ ಇಂಟಿಗ್ರಿನ್‌ಗೆ ಅಡ್ಡ ಬರುವ ನಟಾಲಿಜುಮಾಬ್ ಎಂಬ ಔಷಧಿ 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು, ಪರಿಣಾಮವೂ ಚೆನ್ನಾಗಿತ್ತು. ಆದರೆ ಮೆದುಳಿಗೆ ಕಾವಲಿನವರು ಹೋಗದಂತಾದಾಗ ಸುಮ್ಮನೆ ಮಲಗಿದ್ದ ಜೆಸಿ ಎಂಬ ವೈರಸ್ ಎದ್ದು ಕೆಲವರ ಮೆದುಳನ್ನೇ ನಾಶ ಮಾಡಿತು. 2005ರಲ್ಲಿ ಔಷಧಿಯನ್ನು ಹಿಂದಕ್ಕೆ ಪಡೆದರು. 2006ರಲ್ಲಿ ಕಟ್ಟುನಿಟ್ಟಿನ ನಿಗಾದೊಡನೆ ಮರಳಿ ತಂದರು. ಸೋರಿಯಾಸಿಸ್‌ಗೆ ಕೊಡುತ್ತಿದ್ದ, ಇನ್ನೊಂದು ಇಂಟಿಗ್ರಿನನ್ನು ತಡೆಯುವ ಎಫಾಲಿಜುಮಾಬ್ 2009ರಲ್ಲಿ ಇದೇ ಕಾರಣಕ್ಕೆ ಶಾಶ್ವತವಾಗಿ ಹೋಯಿತು. ಆಮೇಲೆ ಬಂದ ವೆಡೋಲಿಜುಮಾಬ್ ಕರುಳಿನ ಬಾಗಿಲನ್ನಷ್ಟೇ ಮುಚ್ಚುತ್ತದೆ, ಮೆದುಳಿನ ಬಾಗಿಲನ್ನು ಮುಟ್ಟುವುದಿಲ್ಲ; ಕರುಳಿನ ಉರಿಯೂತದ ರೋಗಿಗಳಿಗೆ ಈಗ ಅದು ದೊಡ್ಡ ಆಸರೆ. ಒಂದೊಂದು ಅಂಗದ ನಾಳಕ್ಕೂ ತನ್ನದೇ ಅಂಟಿನ ಗುರುತು ಇದೆ ಎಂಬ ತಿಳಿವಿನಿಂದಲೇ ಆ ಔಷಧಿ ಹುಟ್ಟಿತು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಜಾಹೀರಾತುಗಳಿಗೆ ನಾವು ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಯಾವ ಬಾಗಿಲಲ್ಲಿ, ಯಾವಾಗ?

ಈಗ ನಮ್ಮ ಕೊಟ್ಟಿಗೆಗೆ ಮರಳೋಣ. ಅಮೆರಿಕದಲ್ಲಿ ಬ್ಲ್ಯಾಡ್ ದೋಷವಿದ್ದ ಎಲ್ಲ ದನಗಳ ವಂಶವನ್ನು ಹಿಂದಕ್ಕೆ ಹಿಡಿದುಹೋದಾಗ ಕೊನೆಗೆ ಸಿಕ್ಕದ್ದು ಒಂದೇ ಹೋರಿ, ಆಸ್ಬರ್ನ್‌ಡೇಲ್ ಐವನ್‌ಹೋ. 1950 ಮತ್ತು 60ರ ದಶಕಗಳಲ್ಲಿ ಕೃತಕ ಗರ್ಭಧಾರಣೆಯಿಂದ ಅದಕ್ಕೆ ಅಸಂಖ್ಯ ಮಕ್ಕಳಾದವು, ಹಾಲು ಚೆನ್ನಾಗಿತ್ತೆಂದು ಅದರ ಮೊಮ್ಮಕ್ಕಳಿಗೂ ಬೇಡಿಕೆ ಬಂತು. 1992ರ ಹೊತ್ತಿಗೆ ಅಲ್ಲಿನ ಹೋಲ್‌ಸ್ಟೀನ್ ಹೋರಿಗಳಲ್ಲಿ ಸುಮಾರು ಶೇಕಡಾ 15, ಆಕಳುಗಳಲ್ಲಿ ಸುಮಾರು ಶೇಕಡಾ 6 ಈ ದೋಷದ ಒಂದು ಪ್ರತಿಯನ್ನು ಹೊತ್ತಿದ್ದವು. ಲೆಕ್ಕ ಹಾಕಿ ನೋಡಿ: ಇಂಥ ಹೋರಿ ಇಂಥ ಆಕಳಿಗೆ ಸಿಗುವ ಸಂಭವ ನೂರಕ್ಕೆ ಒಂದೂ ಇಲ್ಲ, ಸಿಕ್ಕರೂ ನಾಲ್ಕರಲ್ಲಿ ಒಂದು ಕರುವಿಗೆ ಮಾತ್ರ ರೋಗ. ಸಾವಿರ ಕರುಗಳಲ್ಲಿ ಎರಡು. ಯಾವ ರೈತನ ಕಣ್ಣಿಗೂ ಇದು ರೋಗವಾಗಿ ಕಾಣುವುದಿಲ್ಲ. ಎರಡು ಕರು ಜಂತಿನಿಂದಲೋ ಭೇದಿಯಿಂದಲೋ ಸತ್ತವು ಎಂದುಕೊಳ್ಳುತ್ತಾನೆ. ಒಂದು ಪ್ರತಿ ಹೊತ್ತ ಆಕಳು ನೋಡಲು ಆರೋಗ್ಯವಾಗಿಯೇ ಇರುತ್ತದೆ, ಹಾಲೂ ಕೊಡುತ್ತದೆ. ಭಾರತದಲ್ಲಿ ನಡೆಸಿದ ಪರೀಕ್ಷೆಗಳಲ್ಲಿಯೂ ಎಚ್.ಎಫ್. ಮತ್ತು ಅದರ ಮಿಶ್ರತಳಿಗಳಲ್ಲಿ ಈ ದೋಷ ಹೊತ್ತವು ಸಿಕ್ಕಿವೆ.

ಇಲ್ಲಿ ಮೂರನೆಯ ಆಕ್ಷೇಪ, ಬಹುಶಃ ಈ ಸಭೆಯಲ್ಲಿಯೇ ಹಲವರ ಮನಸ್ಸಿನಲ್ಲಿ ಇರುವಂಥದು: ನೋಡಿದಿರಾ, ಪರದೇಶದ ತಳಿ ತಂದದ್ದೇ ತಪ್ಪು, ಜವಾರಿ ದನವೇ ಸರಿ. ದೇವಣಿಯ ಮೇಲೆ ನನಗೆ ಪ್ರೀತಿ ಇದೆ. ಮುಖದ ಎರಡು ಬದಿ ಕಪ್ಪಗಿರುವ ವಾನೇರಾ, ಅಚ್ಚ ಬಿಳಿಯ ಬಾಲಂಕ್ಯಾ, ಕಪ್ಪು ಮಚ್ಚೆಯ ಶೇವರಾ ಮೂರೂ ಈ ಎರೆಮಣ್ಣಿಗೂ ಈ ಬಿಸಿಲಿಗೂ ಹೊಂದಿಕೊಂಡು ಬಂದವು; ಹೊಲಕ್ಕೂ ಆದವು, ಹಾಲಿಗೂ ಆದವು. ಅವನ್ನು ಉಳಿಸಬೇಕು. ಆದರೆ ಬ್ಲ್ಯಾಡನ್ನು ಆ ವಾದಕ್ಕೆ ಆಸರೆ ಮಾಡಿಕೊಂಡರೆ ಸಾಕ್ಷ್ಯಕ್ಕೆ ಅನ್ಯಾಯ. ದೋಷ ಒಂದು ತಳಿಯ ಸ್ವಭಾವದಲ್ಲಿ ಇರಲಿಲ್ಲ, ಒಂದು ಹೋರಿಯ ಒಂದು ಅಕ್ಷರದಲ್ಲಿತ್ತು. ಅದನ್ನು ಊರೂರಿಗೆ ಹಂಚಿದ್ದು ಒಂದೇ ಹೋರಿಯನ್ನು ಮಿತಿಮೀರಿ ಬಳಸಿದ ನಮ್ಮ ಪದ್ಧತಿ. ಯಾವ ತಳಿಯಲ್ಲಾದರೂ ಹೋರಿಗಳ ಸಂಖ್ಯೆ ಕುಸಿದು, ಬೆರಳೆಣಿಕೆಯ ಹೋರಿಗಳ ವೀರ್ಯವೇ ಎಲ್ಲೆಡೆ ಹೋಗತೊಡಗಿದರೆ, ಅಲ್ಲಿ ಅಡಗಿರುವ ಬೇರೆ ದೋಷಗಳು ಎರಡೂ ಕಡೆಯಿಂದ ಬಂದು ಕೂಡುವ ದಿನ ದೂರವಿರುವುದಿಲ್ಲ. ದೇವಣಿಯ ಸಂಖ್ಯೆ ಕಡಿಮೆಯಾಗುತ್ತಿರುವ ಕಾಲದಲ್ಲಿ ಈ ಎಚ್ಚರ ದೇವಣಿಗೇ ಹೆಚ್ಚು ಬೇಕು. ಹಾಗೆಯೇ, ದೋಷ ತಿಳಿದ ಮೇಲೆ ಅದನ್ನು ಹೊರಗೆ ಹಾಕಿದ್ದೂ ಅದೇ ಕೃತಕ ಗರ್ಭಧಾರಣೆಯ ವ್ಯವಸ್ಥೆ. ಜೀನಿನ ಆ ತುಣುಕನ್ನು ಪಿ.ಸಿ.ಆರ್.ನಲ್ಲಿ ಹೆಚ್ಚಿಸಿ ಒಂದು ಕಿಣ್ವ ಹಾಕಿದರೆ ಸರಿಯಾದ ಪ್ರತಿ ಎರಡು ತುಂಡಾಗುತ್ತದೆ, ದೋಷದ ಪ್ರತಿ ತುಂಡಾಗದೆ ಉಳಿಯುತ್ತದೆ. ಜೆಲ್ ಮೇಲಿನ ಪಟ್ಟಿ ನೋಡಿ ಹೋರಿಯನ್ನು ಇಡಬೇಕೋ ಬಿಡಬೇಕೋ ಹೇಳಬಹುದು. ನಮ್ಮ ದೇಶದ ವೀರ್ಯ ಕೇಂದ್ರಗಳ ಕನಿಷ್ಠ ಮಾನದಂಡಗಳಲ್ಲಿಯೂ ಎಚ್.ಎಫ್. ಮತ್ತು ಅದರ ಮಿಶ್ರತಳಿಯ ಹೋರಿಗಳಿಗೆ ಬ್ಲ್ಯಾಡ್ ಪರೀಕ್ಷೆ ಸೇರಿದೆ.

ಮಾನದಂಡ ಕೇಂದ್ರದ ಬಾಗಿಲ ತನಕ ಕಾಯುತ್ತದೆ. ಆಚೆಗೆ, ಔರಾದದ ಒಂದು ತಾಂಡಾದಲ್ಲಿ ಬೆದೆಗೆ ಬಂದ ಆಕಳಿಗೆ ಯಾವ ಹೋರಿಯ ವೀರ್ಯದ ನಳಿಕೆ ಹಾಕಿದರು ಎಂಬುದು ಎಷ್ಟೋ ಸಲ ಯಾರಿಗೂ ನೆನಪಿರುವುದಿಲ್ಲ. ಆಕಳ ಕಿವಿಯಲ್ಲಿ ಹನ್ನೆರಡು ಅಂಕಿಯ ಬಿಲ್ಲೆ ಇದೆ. ನಳಿಕೆಯ ಮೇಲೆ ಹೋರಿಯ ಸಂಖ್ಯೆ, ತಳಿ, ಕೇಂದ್ರದ ಗುರುತು ಅಚ್ಚಾಗಿರುತ್ತವೆ. ಕೆಲಸ ಮುಗಿದ ಕೂಡಲೇ ಆ ಬೆರಳುದ್ದದ ಪ್ಲಾಸ್ಟಿಕ್ ಕೊಟ್ಟಿಗೆಯ ಮೂಲೆಗೆ ಬೀಳುತ್ತದೆ. ಕೀವಿಲ್ಲದ ಹುಣ್ಣಿನ ಕರು ನಾಳೆ ದವಾಖಾನೆಗೆ ಬಂದರೆ ವೈದ್ಯರ ಬಳಿ ರಕ್ತದ ಗಾಜು ಇರುತ್ತದೆ, ಬಿಳಿಕಣದ ದೊಡ್ಡ ಅಂಕಿಯೂ ಇರುತ್ತದೆ, ಈ ಕರುವಿನ ಅಪ್ಪ ಯಾರು ಎಂಬುದು ಮಾತ್ರ ಇರುವುದಿಲ್ಲ. ಆ ನಳಿಕೆಯ ಸಂಖ್ಯೆಯನ್ನು ಅಂದೇ, ಕೈ ತೊಳೆಯುವ ಮೊದಲೇ, ಕಿವಿಬಿಲ್ಲೆಯ ಸಂಖ್ಯೆಯ ಎದುರಿಗೆ ಬರೆಸಿಕೊಳ್ಳಿ.